ವರ್ಷದ ಲೆಕ್ಕ ಮುಗಿದ ಮೇಲೆ ಕೊಯ್ನಾಕ್ಕೆ ಬರುವ ಪತ್ರ

ಜತ್ತ: ಕೊಯ್ನಾ ಅಂದರೆ ನಮ್ಮ ಕಡೆಯ ಹಿರಿಯರಿಗೆ ಮೊದಲು ನೆನಪಾಗುವುದು ಭೂಕಂಪ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಕೊಯ್ನಾನಗರ ನೆಲಕ್ಕುರುಳಿತು, ಸುಮಾರು 180 ಜನ ಸತ್ತರು. ನೂರಾರು ಕಿ.ಮೀ. ದೂರದವರೆಗೂ ಆ ನಡುಕ ತಿಳಿದಿತ್ತು. ಈಗಿನ ಹುಡುಗರಿಗೆ ಕೊಯ್ನಾ ಅಂದರೆ ಮಹಾಪೂರ. ಶ್ರಾವಣದಲ್ಲಿ ಡ್ಯಾಂನ ಆರೂ ಬಾಗಿಲು ತೆರೆದರು ಎಂಬ ಸುದ್ದಿ ಬಂದರೆ ಸಾಕು, ಸಾಂಗಲಿಯಲ್ಲಿರುವ ಬೀಗರಿಗೆ ಫೋನ್ ಹೋಗುತ್ತದೆ. 2019 ಮತ್ತು 2021ರ ನೀರನ್ನು ಯಾರೂ ಮರೆತಿಲ್ಲ.

ಆದರೆ ಭೂಕಂಪ ಒಂದು ದಿನದ್ದು, ಪೂರ ಎಂಟು-ಹತ್ತು ದಿನದ್ದು. ಜತ್ತ ತಾಲೂಕಿನ ಕನ್ನಡ ಊರುಗಳಿಗೆ ವರ್ಷದ ಹನ್ನೆರಡು ತಿಂಗಳೂ ಸಂಬಂಧ ಇರುವುದು ಕೊಯ್ನಾದ ಜಮಾ-ಖರ್ಚಿಗೆ. ಆ ಲೆಕ್ಕ ಜೂನ್ 1ಕ್ಕೆ ಶುರುವಾಗಿ ಮೇ 31ಕ್ಕೆ ಮುಗಿಯುತ್ತದೆ. ಗಡಿಯ ಎರಡೂ ಕಡೆ ಇದರ ಬಗ್ಗೆ ಮಾತಾಡುವವರು ಕಡಿಮೆ. ಗಡಿ ವಾದ ಬಂದಾಗ ಗಂಟಲು ಹರಿದುಕೊಳ್ಳುವ ಮುಖಂಡರು ಕೂಡ ಈ ಅಂಕಿಗಳನ್ನು ಎತ್ತುವುದಿಲ್ಲ.

ಸಾತಾರಾ ಜಿಲ್ಲೆಯ ಪಾಟಣ ತಾಲೂಕಿನಲ್ಲಿರುವ ಈ ಅಣೆಕಟ್ಟಿನ ಎತ್ತರ 103 ಮೀಟರ್. ಹಿಂದಿನ ಜಲಾಶಯಕ್ಕೆ ಶಿವಾಜಿಸಾಗರ ಎಂದು ಹೆಸರು, ಈಗಿನ ಸಾಮರ್ಥ್ಯ 105.25 ಟಿಎಂಸಿ. ಕೊಯ್ನಾನಗರದಲ್ಲಿ ವರ್ಷಕ್ಕೆ ಸರಾಸರಿ ಐದು ಮೀಟರ್ ಮಳೆ ಬೀಳುತ್ತದೆ. ನಮ್ಮ ಜತ್ತ, ಸಂಖ, ಉಮದಿ ಕಡೆ ಅದರ ಹತ್ತನೇ ಒಂದು ಪಾಲು ಬಿದ್ದರೆ ಜೋಳ ಬಂತು ಅಂತ ಖುಷಿ ಪಡುತ್ತೇವೆ. ಹೊಳೆ ಅಲ್ಲಿಂದ ಪೂರ್ವಕ್ಕೆ ಹರಿದು ಕರಾಡದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆಮೇಲೆ ಸಾಂಗಲಿ, ಮ್ಹೈಸಾಳ, ರಾಜಾಪುರ ಬ್ಯಾರೇಜು, ಅದರ ಕೆಳಗೆ ಕರ್ನಾಟಕ. ಅಂದರೆ ಕೊಯ್ನಾದಿಂದ ಪೂರ್ವಕ್ಕೆ ಬಿಟ್ಟ ನೀರು ಜತ್ತದ ಪಂಪಿಗೂ ಬರಬಹುದು, ಜಮಖಂಡಿಯ ನಲ್ಲಿಗೂ ಹೋಗಬಹುದು.

ಆದರೆ ಆ ಡ್ಯಾಂ ಕಟ್ಟಿದ್ದು ಮುಖ್ಯವಾಗಿ ಪೂರ್ವಕ್ಕೆ ನೀರು ಬಿಡಲಿಕ್ಕೆ ಅಲ್ಲ, ಪಶ್ಚಿಮಕ್ಕೆ ಬೀಳಿಸಲಿಕ್ಕೆ.

ಬೀಳುವ ನೀರು, ಏರುವ ನೀರು

ಸಹ್ಯಾದ್ರಿಯ ನೆತ್ತಿಯ ಮೇಲೆ ಜಲಾಶಯ, ಕೆಳಗೆ ಕೊಂಕಣ. ನಡುವೆ ಗುಡ್ಡ ಕೊರೆದು ಸುರಂಗದಲ್ಲಿ ನೀರನ್ನು ಸುಮಾರು 475 ಮೀಟರ್ ಕೆಳಗೆ ಪೋಫಳಿಯ ನೆಲದೊಳಗಿನ ವಿದ್ಯುತ್ ಕೇಂದ್ರಕ್ಕೆ ಇಳಿಸುತ್ತಾರೆ. ಇದು ಒಂದು ಮತ್ತು ಎರಡನೇ ಹಂತ. ನಾಲ್ಕನೇ ಹಂತವೊಂದೇ 1000 ಮೆಗಾವಾಟಿನದು. ಅದಕ್ಕಾಗಿ 1999ರ ಮಾರ್ಚ್‌ನಲ್ಲಿ, ತುಂಬಿದ ಜಲಾಶಯ ಖಾಲಿ ಮಾಡದೇ ತಳದಿಂದಲೇ ಬಂಡೆ ಸಿಡಿಸಿ ದಾರಿ ಮಾಡಿದರು. ನೀರಿನ ಮಟ್ಟ ಇಳಿದಾಗಲೂ ಯಂತ್ರ ತಿರುಗಲಿ ಅಂತ 2012ರ ಏಪ್ರಿಲ್‌ನಲ್ಲಿ ಇನ್ನೂ ಕೆಳಗೆ ಎರಡನೇ ದಾರಿ ತೆರೆದರು. ಮೇಲಿನಿಂದ ಇಳಿದ ನೀರು ಕೋಳಕೇವಾಡಿ ಅಣೆಕಟ್ಟಿನಲ್ಲಿ ನಿಂತು, ಮೂರನೇ ಹಂತದಲ್ಲಿ ಮತ್ತೊಮ್ಮೆ ಬಿದ್ದು, ಚಿಪಳೂಣದ ವಾಶಿಷ್ಠಿ ನದಿ ಸೇರಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಎಲ್ಲ ಹಂತ ಕೂಡಿ ಸುಮಾರು 1960 ಮೆಗಾವಾಟ್. ಇದರಲ್ಲಿ ಪೂರ್ವಕ್ಕೆ ಬಿಡುವ ನೀರಿನ ಮೇಲೆ ನಡೆಯುವುದು ಡ್ಯಾಂನ ಬುಡದ 40 ಮೆಗಾವಾಟಿನ ಚಿಕ್ಕ ಕೇಂದ್ರ ಮಾತ್ರ. ಎಡದಂಡೆಯಲ್ಲಿ 80 ಮೆಗಾವಾಟಿನ ಇನ್ನೊಂದನ್ನು ಕಟ್ಟುವ ಕೆಲಸ ವರ್ಷಗಟ್ಟಲೆ ಕುಂಟುತ್ತಲೇ ಬಂದಿದೆ.

ಪಶ್ಚಿಮಕ್ಕೆ ಎಷ್ಟು ಒಯ್ಯಬಹುದು? ಬಚಾವತ್ ನ್ಯಾಯಮಂಡಳಿ ಕೃಷ್ಣಾ ನೀರು ಹಂಚುವಾಗ ಇದಕ್ಕೂ ಗೆರೆ ಎಳೆಯಿತು: ವರ್ಷಕ್ಕೆ 67.5 ಟಿಎಂಸಿ. ಆ ಹಂಚಿಕೆಯಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿಎಂಸಿ ಬಂದದ್ದು ಎಲ್ಲರಿಗೂ ಬಾಯಿಪಾಠ. 67.5 ಮಾತ್ರ ಯಾರ ಬಾಯಲ್ಲೂ ಇಲ್ಲ. ಇನ್ನೊಂದು ಮಾತು ಗಮನಿಸಬೇಕು. ಇದು ಮೇಲ್ಮಿತಿ. ಇದನ್ನು ದಾಟಬಾರದು ಅಂತ ಇದೆಯೇ ಹೊರತು ಇಷ್ಟನ್ನು ಒಯ್ಯಲೇಬೇಕು ಅಂತ ಇಲ್ಲ.

ಹಾಗಾದರೆ ನಿಲ್ಲಿಸಿಬಿಡಿ, ಎಲ್ಲ ನೀರೂ ಪೂರ್ವಕ್ಕೆ ಬಿಡಿ ಅಂತ ನಮ್ಮ ಕಡೆ ಕೆಲವರು ಸಭೆಗಳಲ್ಲಿ ಹೇಳ್ತಾರೆ. ಚಪ್ಪಾಳೆಯೂ ಬೀಳ್ತದೆ. ಆದರೆ ಲೆಕ್ಕ ಹಾಗೆ ಹೇಳುವುದಿಲ್ಲ. ಒಂದು ಟಿಎಂಸಿ ಅಂದರೆ 2.83 ಕೋಟಿ ಘನ ಮೀಟರ್ ನೀರು. ಅದು 475 ಮೀಟರ್ ಬಿದ್ದರೆ ಮೂರು ಕೋಟಿ ಯೂನಿಟ್‌ಗೂ ಮೇಲೆ ವಿದ್ಯುತ್ ಹುಟ್ಟುತ್ತದೆ. ಕೋಳಕೇವಾಡಿಯ ಕೆಳಗಿನದನ್ನೂ ಹಿಡಿದರೆ ನಾಲ್ಕು ಕೋಟಿಯ ಹತ್ತಿರ. ಅದೇ ನೀರು ಡ್ಯಾಂನ ಬುಡದ ಕೇಂದ್ರದಿಂದ ಪೂರ್ವಕ್ಕೆ ಹೋದರೆ ಬೀಳುವ ಎತ್ತರವೇ ನೂರು ಮೀಟರ್ ಒಳಗೆ. ಹೆಚ್ಚೆಂದರೆ ಅರ್ಧ ಕೋಟಿ ಯೂನಿಟ್ ಅನ್ನಿ. ಇಡೀ 67.5 ಟಿಎಂಸಿಗೆ ಲೆಕ್ಕ ಹಾಕಿದರೆ ವರ್ಷಕ್ಕೆ 250 ಕೋಟಿ ಯೂನಿಟ್‌ಗೂ ಹೆಚ್ಚು. ಅದೂ ಸುಡಲು ಕಲ್ಲಿದ್ದಲು ಬೇಡ, ಹೊಗೆಯಿಲ್ಲ. ಗುಂಡಿ ಒತ್ತಿದ ಕೆಲವೇ ನಿಮಿಷಕ್ಕೆ ಯಂತ್ರ ತಿರುಗುತ್ತದೆ. ಈಗ ಹಗಲು ಹೊತ್ತು ಸೌರ ವಿದ್ಯುತ್ ಸಾಕಷ್ಟು ಬರುತ್ತದೆ. ಸೂರ್ಯ ಮುಳುಗಿ ಮನೆಮನೆಯ ದೀಪ, ಟಿವಿ ಒಮ್ಮೆಗೇ ಹತ್ತಿದಾಗ ಆಸರೆಯಾಗುವುದು ಕೊಯ್ನಾದಂಥ ಕೇಂದ್ರವೇ. ಇದನ್ನು ಯಾವ ಸರಕಾರವೂ ಬಿಡುವುದಿಲ್ಲ, ಬಿಡಿ ಅನ್ನುವುದೂ ಸರಿಯಲ್ಲ.

ಇನ್ನು ನಮ್ಮ ಬದಿ ನೋಡೋಣ. ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯಿಂದ ನೀರು ಎತ್ತಿ, ಹಂತ ಹಂತವಾಗಿ ಪಂಪ್ ಮಾಡಿ, ಕವಠೆ ಮಹಾಂಕಾಳದ ಮೇಲೆ ಹಾಯಿಸಿ ಜತ್ತಕ್ಕೆ ತರುವುದು ಮ್ಹೈಸಾಳ ಏತ ನೀರಾವರಿ. ಇಲ್ಲಿ ನೀರು ಬೀಳುವುದಿಲ್ಲ, ಏರುತ್ತದೆ. ಏರಲಿಕ್ಕೆ ಕರೆಂಟ್ ಬೇಕು. ಆ ಕರೆಂಟ್ ಬಿಲ್ಲು ತುಂಬಿಲ್ಲ ಅಂತ ಪಂಪು ನಿಂತ ಬೇಸಿಗೆಗಳನ್ನು ಜತ್ತದ ದ್ರಾಕ್ಷಿ, ದಾಳಿಂಬೆ ಬೆಳೆಗಾರರು ಕಂಡಿದ್ದಾರೆ. ನಂತರ ಬಿಲ್ಲಿನ ಶೇ. 81 ಸರಕಾರ, ಶೇ. 19 ರೈತರ ಪಾಣಿಪಟ್ಟಿ ಎಂಬ ಸೂತ್ರ ಬಂದು ಸ್ವಲ್ಪ ಉಸಿರಾಡುವಂತಾಯಿತು. ಒಂದೇ ಡ್ಯಾಂನ ನೀರು ಗುಡ್ಡದ ಆಚೆ ಬಿದ್ದರೆ ಕರೆಂಟ್ ಕೊಡ್ತದೆ, ಈಚೆ ಬಂದರೆ ಕರೆಂಟ್ ತಿನ್ನತದೆ. ಮುಂಬೈಯ ಆಡಿಟರ್ ಕಣ್ಣಿಗೆ ಜತ್ತ ಯಾವಾಗಲೂ ಖರ್ಚಿನ ಕಾಲಮ್ಮಿನಲ್ಲೇ ಕಾಣುವುದಕ್ಕೆ ಇದೇ ಕಾರಣ ಇರಬೇಕು!

ಅದೂ ಮ್ಹೈಸಾಳದ ನೀರು ಮುಟ್ಟದ ಊರುಗಳೇ ಬಹಳ. ತಾಲೂಕಿನ ಪೂರ್ವ ಭಾಗ, ಅಂದರೆ ಹೆಚ್ಚಾಗಿ ಕನ್ನಡ ಮಾತಾಡುವ ಭಾಗ, ಕಾಲುವೆಯ ಬಾಲದಾಚೆ ಉಳಿಯಿತು. 2022ರ ನವೆಂಬರ್‌ನಲ್ಲಿ ಆಗಿನ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಜತ್ತದ 40 ಹಳ್ಳಿಗಳ ಹಳೆಯ ಠರಾವಿನ ಮಾತೆತ್ತಿದರು. ಮುಂಬೈಯಲ್ಲಿ ಗದ್ದಲವೆದ್ದಿತು. ಆ ಬಿಸಿಯಲ್ಲೇ ವಿಸ್ತಾರಿತ ಮ್ಹೈಸಾಳ ಯೋಜನೆಗೆ ಸುಮಾರು 2000 ಕೋಟಿ ರೂ. ಘೋಷಣೆಯಾಯಿತು. ಅದೇ ದಿನಗಳಲ್ಲಿ ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ತಿಕ್ಕುಂಡಿ ಕೆರೆಗೆ ಹರಿಯಿತು. ವರ್ಷಗಟ್ಟಲೆ ಅರ್ಜಿ ಹಾಕಿದರೂ ಬಾರದ ನೀರು ಒಂದು ಹೇಳಿಕೆಗೆ ಎರಡೂ ಕಡೆಯಿಂದ ಬಂತಲ್ಲ ಅಂತ ಜನ ನಕ್ಕರು. ನಗುವಿನ ಒಳಗೆ ಇದ್ದ ಸಂಕಟ ಬೇರೆ.

ಬದಲಿ ನೀರಿನ ಮಾತು

ಆ ತುಬಚಿ-ಬಬಲೇಶ್ವರದ ನೀರಿಗೂ ಕೊಯ್ನಾಕ್ಕೂ ನೇರ ನಂಟಿದೆ. ಬೇಸಿಗೆ ಬಂತೆಂದರೆ ಚಿಕ್ಕೋಡಿ, ಅಥಣಿ, ಜಮಖಂಡಿ ಕಡೆ ಕೃಷ್ಣೆ ಬತ್ತುತ್ತದೆ. ಆಗ ಬೆಂಗಳೂರು ಕೊಯ್ನಾದ ಕಡೆ ನೋಡುತ್ತದೆ. ಹಣ ಕೊಟ್ಟು ನೀರು ತರಿಸಿಕೊಂಡ ವರ್ಷಗಳೂ ಇವೆ. 2019ರ ಬೇಸಿಗೆಯಲ್ಲಿ ಮಹಾರಾಷ್ಟ್ರ ರಾಗ ಬದಲಿಸಿತು. ಹಣ ಬೇಡ, ನಾವು ಕೊಯ್ನಾದಿಂದ ಬಿಡುವಷ್ಟು ನೀರು, ಅಂದರೆ 4 ಟಿಎಂಸಿ, ನೀವು ಜತ್ತ ಮತ್ತು ಸೊಲ್ಲಾಪುರದ ಬರದ ಹಳ್ಳಿಗಳಿಗೆ ನಿಮ್ಮ ಯೋಜನೆಗಳಿಂದ ಕೊಡಿ ಎಂಬ ಮಾತು ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರ ಚುನಾವಣೆ ಪ್ರಚಾರಕ್ಕೆ ಜತ್ತಕ್ಕೆ ಬಂದಿದ್ದ ಯಡಿಯೂರಪ್ಪನವರೂ ತುಬಚಿ-ಬಬಲೇಶ್ವರದ ನೀರು ಕೊಡುವ ಭರವಸೆ ಕೊಟ್ಟರು. ಅದಕ್ಕೆ ಕರ್ನಾಟಕದಲ್ಲೇ ಟೀಕೆ ಬಂತು.

ಟೀಕೆ ಏನೇ ಇರಲಿ, ಗಡಿ ಭಾಗಕ್ಕೆ ಇದಕ್ಕಿಂತ ವ್ಯವಹಾರದ ಮಾತು ಇನ್ನೊಂದಿಲ್ಲ. ಜತ್ತದ ಪೂರ್ವದ ಹಳ್ಳಿಗಳಿಗೆ ಮ್ಹೈಸಾಳ ದೂರ, ಕರ್ನಾಟಕದ ಕಾಲುವೆ ಹತ್ತಿರ. ಜಮಖಂಡಿಗೆ ಬೇಸಿಗೆಯಲ್ಲಿ ಕೊಯ್ನಾ ಬಿಟ್ಟರೆ ಗತಿಯಿಲ್ಲ. ಕೊಡುವವರೂ ನಾವೇ, ತಗೊಳ್ಳುವವರೂ ನಾವೇ. ಅಳಿಯನ ಮನೆ ಆ ಕಡೆ, ಮಗಳ ತವರು ಈ ಕಡೆ!

ಆದರೆ ಪತ್ರ ಹೋಗುವ ಹೊತ್ತು ನೋಡಿ. 2023ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವಾರಣಾ ಅಥವಾ ಕೊಯ್ನಾದಿಂದ ಕೃಷ್ಣೆಗೆ 2 ಟಿಎಂಸಿ, ಉಜನಿಯಿಂದ ಭೀಮೆಗೆ 3 ಟಿಎಂಸಿ ಬಿಡಿ ಅಂತ ಮಹಾರಾಷ್ಟ್ರದ ಮುಖ್ಯಮಂತ್ರಿಗೆ ಬರೆದದ್ದು ಮೇ 31ರಂದು. ಕೊಯ್ನಾದ ಲೆಕ್ಕದ ವರ್ಷ ಮುಗಿಯುವ ದಿನವೇ! 2025ರಲ್ಲಿ ಏಪ್ರಿಲ್ ಹೊತ್ತಿಗೆ ಮತ್ತೆ ಪತ್ರ. ಕೃಷ್ಣೆಗೆ ಅದೇ 2 ಟಿಎಂಸಿ, ಭೀಮೆಗೆ ಈ ಸಲ 1. ಮೇ ತಿಂಗಳಿಗಿಂತ ಏಪ್ರಿಲ್ ವಾಸಿ, ಆದರೂ ತಡವೇ. ಮಳೆಗಾಲ ಮುಗಿದು ಅಕ್ಟೋಬರ್‌ನಲ್ಲಿ ಡ್ಯಾಂನಲ್ಲಿ ಎಷ್ಟು ನಿಂತಿದೆ ಎಂದು ಗೊತ್ತಾದ ಮೇಲೆ ವಿದ್ಯುತ್ತಿಗೆ ಇಷ್ಟು, ನೀರಾವರಿಗೆ ಇಷ್ಟು, ಕುಡಿಯಲಿಕ್ಕೆ ಇಷ್ಟು ಅಂತ ಪಾಲು ಮಾಡುತ್ತಾರೆ. ಏಪ್ರಿಲ್‌ನಲ್ಲಿ ಕೇಳಿದವನಿಗೆ ಸಿಗುವುದು ಉಳಿದದ್ದು. ಅದೂ ಅವರ ಮನಸ್ಸಿದ್ದರೆ.

ಮಳೆ ಕೈಕೊಟ್ಟ ವರ್ಷ ಈ ಪಾಲು ಎಷ್ಟು ಬಿಗಿಯಾಗುತ್ತದೆ ಎಂಬುದಕ್ಕೆ 2023-24 ಸಾಕ್ಷಿ. ಆ ವರ್ಷ ಸಾಂಗಲಿಯ ಕೃಷ್ಣೆ ಬತ್ತಿದಾಗ ಕೊಯ್ನಾ ನೀರು ಬಿಡಿಸಿಕೊಳ್ಳಲಿಕ್ಕೆ ಸಾಂಗಲಿಯ ಪುಢಾರಿಗಳೇ ಸಾತಾರಾದವರ ಜೊತೆ ಜಗ್ಗಾಡಬೇಕಾಯಿತು. ಒಂದೇ ರಾಜ್ಯದ ಎರಡು ಜಿಲ್ಲೆಗೇ ಹೀಗಾದರೆ ಇನ್ನೊಂದು ರಾಜ್ಯದ ಪತ್ರಕ್ಕೆ ಏನು ಬೆಲೆ?

ಕರ್ನಾಟಕ ಕೇಳುವ 2 ಟಿಎಂಸಿ ಎಂದರೆ 67.5ರಲ್ಲಿ ನೂರಕ್ಕೆ ಮೂರು. ಅಷ್ಟನ್ನು ಪಶ್ಚಿಮದ ಪಾಲಿನಿಂದಲೇ ಕಡಿದು ಪೂರ್ವಕ್ಕೆ ಬಿಟ್ಟರು ಎನ್ನಿ. ಬುಡದ ಕೇಂದ್ರದಲ್ಲಿ ಹುಟ್ಟುವ ಕರೆಂಟ್ ಕಳೆದರೆ ಮಹಾರಾಷ್ಟ್ರಕ್ಕೆ ಆಗುವ ನಷ್ಟ ಏಳು ಕೋಟಿ ಯೂನಿಟ್ ಒಳಗೆ. ಯೂನಿಟ್‌ಗೆ ಐದು ರೂಪಾಯಿ ಹಿಡಿದರೆ 35 ಕೋಟಿ ರೂ. ಸಣ್ಣ ಮೊತ್ತವಲ್ಲ. ಆದರೆ ಜತ್ತಕ್ಕೆ ಅಷ್ಟೇ ನೀರನ್ನು ಮ್ಹೈಸಾಳದಿಂದ ಎತ್ತಿ ತರುವ ಕರೆಂಟ್ ಅವರಿಗೆ ಉಳಿಯುತ್ತದೆ, ಟ್ಯಾಂಕರಿನ ಬಿಲ್ಲೂ ಉಳಿಯುತ್ತದೆ. ಜಮಖಂಡಿ ತಾಲೂಕಿನಲ್ಲಿ ಕೃಷ್ಣೆಯಿಂದ ಎತ್ತುವ ಖರ್ಚು ಕರ್ನಾಟಕದ ತಲೆಗೆ. ಕೂತು ಲೆಕ್ಕ ಮಾಡಿದರೆ ಇಬ್ಬರ ನಡುವೆ ಉಳಿಯುವ ವ್ಯತ್ಯಾಸ ದೊಡ್ಡದಾಗಲಾರದು. ಆ ವ್ಯತ್ಯಾಸವನ್ನು ಹಣದಲ್ಲಿ ಕೊಡಬಹುದು, ಅಥವಾ ಕರೆಂಟಿನಲ್ಲೇ ಕೊಡಬಹುದು. ಎರಡೂ ರಾಜ್ಯಗಳು ಒಂದೇ ತಂತಿಜಾಲದಲ್ಲಿವೆ.

ಇದಕ್ಕೆ ಎದುರು ಮಾತುಗಳೂ ಇವೆ. ಪಶ್ಚಿಮಕ್ಕೆ ಬಿದ್ದ ನೀರು ಸುಮ್ಮನೆ ಸಮುದ್ರಕ್ಕೆ ಹೋಗುತ್ತದೆ ಅನ್ನುವುದು ಪೂರ್ತಿ ನಿಜವಲ್ಲ. ಕೊಂಕಣದವರೂ ಅದರಲ್ಲಿ ಒಂದಿಷ್ಟು ಬಳಸುತ್ತಾರೆ, ಉಳಿದದ್ದನ್ನು ಮುಂಬೈಗೆ ಒಯ್ಯುವ ಪ್ರಸ್ತಾವ ಹಲವು ಸಲ ಎದ್ದಿದೆ. 2021ರ ಜುಲೈಯಲ್ಲಿ ಚಿಪಳೂಣ ಮುಳುಗಿದಾಗ ಅಲ್ಲಿನ ಜನ ಕೋಳಕೇವಾಡಿಯ ನೀರಿನ ಮೇಲೆ ಬೆರಳು ತೋರಿದರು. ಅವರಿಗೆ ಬೇಕಾದಾಗ ಕಡಿಮೆ, ಬೇಡವಾದಾಗ ಹೆಚ್ಚು. ಇನ್ನು ಡ್ಯಾಂಗಾಗಿ ಊರು ಬಿಟ್ಟವರ ಮಾತು ಎಲ್ಲಕ್ಕಿಂತ ಕಹಿ. ಅರವತ್ತು ವರ್ಷದ ಮೇಲೂ ಭೂಮಿ ಕೊಡಿ, ಹಕ್ಕು ಕೊಡಿ ಅಂತ ಅವರ ಮಕ್ಕಳು-ಮೊಮ್ಮಕ್ಕಳು ಧರಣಿ ಕೂತಿದ್ದಾರೆ. ಕೊಯ್ನಾ ನೀರಿನ ಮೇಲೆ ಮೊದಲ ಹಕ್ಕು ಯಾರದು ಅಂತ ಕೇಳಿದರೆ ನಾವು ಜತ್ತದವರು ಅವರ ಹಿಂದೆಯೇ ನಿಲ್ಲಬೇಕು.

ಕರ್ನಾಟಕದ ಕಡೆಯ ಅನುಮಾನವೂ ಇದೆ. ಒಮ್ಮೆ ಜತ್ತಕ್ಕೆ ನೀರು ಕೊಟ್ಟರೆ ಅದು ಹಕ್ಕಾಗಿ ಬಿಡ್ತದೆ, ವಿಜಯಪುರದ ನಮ್ಮ ರೈತರ ಪಾಲು ಹೋಗ್ತದೆ ಅಂತ. ಬರಹದಲ್ಲಿ ಏನೂ ಇಲ್ಲದೆ ಕೊಟ್ಟರೆ ಈ ಅನುಮಾನ ಹೋಗುವುದಿಲ್ಲ. ಎಷ್ಟು ಟಿಎಂಸಿ, ಯಾವ ತಿಂಗಳು, ಕೊಯ್ನಾದಲ್ಲಿ ಎಷ್ಟಿದ್ದರೆ ಎಷ್ಟು, ರಾಜಾಪುರದಲ್ಲಿ ಅಳೆಯುವವರು ಯಾರು, ತಿಕ್ಕುಂಡಿಯಲ್ಲಿ ಅಳೆಯುವವರು ಯಾರು ಎಂದು ಕಾಗದದ ಮೇಲೆ ಬಂದರೆ ಇಬ್ಬರ ಭಯವೂ ಇಳಿಯುತ್ತದೆ. ಹಾಗೆ ಬರೆಯಲಿಕ್ಕೆ ಹೊಸ ನ್ಯಾಯಮಂಡಳಿ ಬೇಕಿಲ್ಲ. ಎರಡೂ ಕಡೆಯ ನೀರಾವರಿ ಖಾತೆಯ ಎಂಜಿನಿಯರುಗಳು ಈಗಾಗಲೇ ಮಳೆಗಾಲದಲ್ಲಿ ಕೊಯ್ನಾ-ಆಲಮಟ್ಟಿ ನಡುವೆ ನೀರಿನ ಹರಿವಿನ ಬಗ್ಗೆ ಮಾತಾಡುತ್ತಾರೆ. ಪೂರದ ನೀರಿಗೆ ಫೋನ್ ಮಾಡುವವರು ಬರದ ನೀರಿಗೂ ಮಾಡಬಹುದು. ಆ ಫೋನು ದಸರೆ-ದೀಪಾವಳಿ ನಡುವೆ, ಡ್ಯಾಂ ತುಂಬಿರುವಾಗ ಹೋಗಬೇಕು, ಅಷ್ಟೇ.

ತಿಕ್ಕುಂಡಿ, ಸಂಖ, ಉಮದಿ ಕಡೆ ಫೆಬ್ರುವರಿಯಲ್ಲೇ ಬಾವಿಯ ತಳ ಕಾಣತೊಡಗುತ್ತದೆ. ಮ್ಹೈಸಾಳದ ಮುಂದಿನ ಆವರ್ತನ ಯಾವಾಗ ಅಂತ ಆಗಿನಿಂದಲೇ ಜನ ಕೇಳಲಾರಂಭಿಸುತ್ತಾರೆ.