2018–19ರ ಪ್ರೊ ಕಬಡ್ಡಿ ಲೀಗ್ ಅಂತಿಮ ಪಂದ್ಯ

ಪ್ರೊ ಕಬಡ್ಡಿ ಲೀಗಿನ ಆರನೆಯ ಆವೃತ್ತಿಯ ಅಂತಿಮ ಪಂದ್ಯವು 2019ರ ಜನವರಿ 5ರ ಶನಿವಾರ ರಾತ್ರಿ ಮುಂಬಯಿಯ ವರ್ಲಿಯಲ್ಲಿರುವ ಎನ್‌ಎಸ್‌ಸಿಐ ಒಳಾಂಗಣ ಕ್ರೀಡಾಂಗಣದಲ್ಲಿ ನಡೆಯಿತು. ಬೆಂಗಳೂರು ಬುಲ್ಸ್ ಮತ್ತು ಗುಜರಾತ್ ಫಾರ್ಚೂನ್‌ಜೈಂಟ್ಸ್ ತಂಡಗಳು ಇದರಲ್ಲಿ ಎದುರಾದವು. ಎರಡೂ ತಂಡಗಳು ಹಿಂದೆ ಒಂದೊಂದು ಬಾರಿ ಅಂತಿಮ ಪಂದ್ಯದವರೆಗೆ ಬಂದು ಸೋತಿದ್ದವು. ಆದ್ದರಿಂದ ಯಾರು ಗೆದ್ದರೂ ಲೀಗಿಗೆ ಹೊಸ ಚಾಂಪಿಯನ್ ದೊರೆಯುವುದು ನಿಶ್ಚಿತವಾಗಿತ್ತು. ಗೆದ್ದ ತಂಡಕ್ಕೆ 3 ಕೋಟಿ ರೂಪಾಯಿ ಬಹುಮಾನವಿತ್ತು.

ಹಿನ್ನೆಲೆ

ಈ ಆವೃತ್ತಿಯು 2018ರ ಅಕ್ಟೋಬರ್ 7ರಂದು ಚೆನ್ನೈಯಲ್ಲಿ ಆರಂಭವಾಯಿತು. ಅದಕ್ಕೆ ಕೆಲವೇ ವಾರಗಳ ಹಿಂದೆ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಪುರುಷರ ತಂಡವು ಸೆಮಿಫೈನಲ್‌ನಲ್ಲಿ ಇರಾನಿಗೆ ಸೋತು ಕಂಚಿನ ಪದಕಕ್ಕೆ ತೃಪ್ತಿಪಟ್ಟಿತ್ತು. 1990ರಲ್ಲಿ ಕಬಡ್ಡಿ ಆ ಕೂಟದ ಸ್ಪರ್ಧೆಯಾದಂದಿನಿಂದ ಭಾರತದ ಪುರುಷರು ಚಿನ್ನವನ್ನು ಬಿಟ್ಟುಕೊಟ್ಟದ್ದು ಅದೇ ಮೊದಲು. ದೇಶದ ಕಬಡ್ಡಿಯ ಮೇಲೆ ಹೀಗೊಂದು ಪ್ರಶ್ನಾರ್ಥಕ ಚಿಹ್ನೆ ಬಿದ್ದಿದ್ದಾಗಲೇ ಲೀಗ್ ಶುರುವಾಯಿತೆಂಬುದನ್ನು ಗಮನಿಸಬೇಕು.

ಹನ್ನೆರಡು ತಂಡಗಳನ್ನು ಆರಾರರಂತೆ ಎರಡು ವಲಯಗಳಾಗಿ ವಿಂಗಡಿಸಲಾಗಿತ್ತು. ಪ್ರತಿ ವಲಯದ ಮೊದಲ ಮೂರು ತಂಡಗಳು ಪ್ಲೇಆಫ್ ಹಂತಕ್ಕೆ ಅರ್ಹತೆ ಪಡೆದವು. ಎ ವಲಯದಲ್ಲಿ ಗುಜರಾತ್ 93 ಅಂಕಗಳೊಂದಿಗೆ ಅಗ್ರಸ್ಥಾನ ಪಡೆದರೆ, ಬಿ ವಲಯದಲ್ಲಿ ಬೆಂಗಳೂರು 78 ಅಂಕಗಳೊಂದಿಗೆ ಮೊದಲನೆಯದಾಯಿತು. ಈ ಹದಿನೈದು ಅಂಕಗಳ ಅಂತರವನ್ನು ನೋಡಿ ಗುಜರಾತ್ ಅಷ್ಟರಮಟ್ಟಿಗೆ ಬಲಿಷ್ಠವೆಂದು ತೀರ್ಮಾನಿಸಲಾಗದು. ಪ್ರತಿ ತಂಡದ ಹೆಚ್ಚಿನ ಪಂದ್ಯಗಳು ತನ್ನದೇ ವಲಯದ ತಂಡಗಳೊಂದಿಗೆ ನಡೆದಿರುವುದರಿಂದ ಎರಡು ವಲಯಗಳ ಅಂಕಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಅಂತಿಮ ಹಂತದ ದಾರಿ

ಪ್ಲೇಆಫ್ ಪಂದ್ಯಗಳು ಡಿಸೆಂಬರ್ 30ರಂದು ಕೊಚ್ಚಿಯಲ್ಲಿ ಆರಂಭವಾದವು. ಮೊದಲ ದಿನವೇ ಯು.ಪಿ. ಯೋಧಾ ತಂಡವು ಯು ಮುಂಬಾವನ್ನು 34–29ರಿಂದ ಸೋಲಿಸಿ ಹೊರಗಟ್ಟಿತು. ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಮುಂಬಯಿ ತಂಡವೇ ಇಲ್ಲದಂತಾದುದು ಇದರ ಫಲ. ಮರುದಿನ ಯು.ಪಿ. ತಂಡ ದಬಂಗ್ ಡೆಲ್ಲಿಯನ್ನೂ 45–33ರಿಂದ ಮಣಿಸಿತು.

ಅದೇ ಡಿಸೆಂಬರ್ 31ರಂದು ವಲಯಗಳ ಇಬ್ಬರು ಅಗ್ರಸ್ಥಾನಿಗಳು ಮೊದಲ ಕ್ವಾಲಿಫೈಯರ್‌ನಲ್ಲಿ ಸೆಣಸಿದರು. ಬೆಂಗಳೂರು 41–29ರಿಂದ ಗೆದ್ದು ನೇರವಾಗಿ ಅಂತಿಮ ಪಂದ್ಯಕ್ಕೆ ತಲುಪಿತು. ಸೋತ ಗುಜರಾತ್‌ಗೆ ನಿಯಮದಂತೆ ಇನ್ನೊಂದು ಅವಕಾಶ ದೊರೆಯಿತು. ಜನವರಿ 3ರಂದು ಮುಂಬಯಿಯಲ್ಲಿ ನಡೆದ ಎರಡನೆಯ ಕ್ವಾಲಿಫೈಯರ್‌ನಲ್ಲಿ ಅದು ಯು.ಪಿ. ಯೋಧಾವನ್ನು 38–31ರಿಂದ ಸೋಲಿಸಿತು. ದಕ್ಷಿಣ ಕನ್ನಡದ ದಾಳಿಗಾರ ಪ್ರಶಾಂತ್ ಕುಮಾರ್ ರೈ ಅವರಿದ್ದ ಯು.ಪಿ. ತಂಡದ ಓಟ ಅಲ್ಲಿಗೆ ನಿಂತಿತು.

ಸೋತವರಿಗೆ ಮತ್ತೊಂದು ಅವಕಾಶ ನೀಡುವ ಈ ಪದ್ಧತಿ ಎಲ್ಲ ಲೀಗುಗಳಲ್ಲೂ ಇಲ್ಲ. ಕಾಕತಾಳೀಯವೆಂಬಂತೆ ಇದೇ ಜನವರಿ 5ರಂದು ಅಮೆರಿಕದ ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ಪ್ಲೇಆಫ್ ಹಂತವೂ ಆರಂಭವಾಯಿತು. ಆ ವರ್ಷ ಅಲ್ಲಿಯೂ ಹನ್ನೆರಡು ತಂಡಗಳಿದ್ದವು, ಆದರೆ ಅವು ಪ್ಲೇಆಫ್‌ಗೆ ಬಂದ ತಂಡಗಳ ಸಂಖ್ಯೆ. ಉತ್ತಮ ಸ್ಥಾನ ಪಡೆದ ತಂಡಗಳಿಗೆ ಅಲ್ಲಿ ಸಿಗುತ್ತಿದ್ದ ಅನುಕೂಲಗಳಲ್ಲಿ ಮೊದಲ ಸುತ್ತಿನ ವಿರಾಮವೂ ಒಂದು. ಕಣಕ್ಕಿಳಿದ ಮೇಲೆ ಒಂದು ಸೋಲು ಸಾಕು, ಆ ವರ್ಷದ ಆಟ ಮುಗಿಯಿತು. ಆ ನಿಯಮವೇ ಇಲ್ಲಿದ್ದಿದ್ದರೆ ಗುಜರಾತ್ ಡಿಸೆಂಬರ್ 31ರ ರಾತ್ರಿಯೇ ಊರಿಗೆ ಹೊರಡಬೇಕಾಗುತ್ತಿತ್ತು.

ಹಿಂದಿನ ಸೋಲುಗಳು

ಬೆಂಗಳೂರು ಬುಲ್ಸ್ 2015ರ ಆಗಸ್ಟ್ 23ರಂದು ಎರಡನೆಯ ಆವೃತ್ತಿಯ ಅಂತಿಮ ಪಂದ್ಯದಲ್ಲಿ ಯು ಮುಂಬಾ ವಿರುದ್ಧ 30–36ರಿಂದ ಸೋತಿತ್ತು. ಆ ಪಂದ್ಯ ನಡೆದದ್ದೂ ಈ ವರ್ಲಿಯ ಕ್ರೀಡಾಂಗಣದಲ್ಲಿಯೇ. ಅಂದು ಪ್ರೇಕ್ಷಕರೆಲ್ಲ ಎದುರಾಳಿಯ ಪರ ಇದ್ದರು. 2019ರಲ್ಲಿ ಆ ಹೊರೆ ಇರಲಿಲ್ಲ.

ಗುಜರಾತ್ ಲೀಗಿಗೆ ಸೇರಿದ್ದು 2017ರಲ್ಲಿ. ಮೊದಲ ವರ್ಷವೇ ಅಂತಿಮ ಪಂದ್ಯ ತಲುಪಿದ ಆ ತಂಡವನ್ನು ಅಕ್ಟೋಬರ್ 28ರಂದು ಚೆನ್ನೈಯಲ್ಲಿ ಪಾಟ್ನಾ ಪೈರೇಟ್ಸ್ 55–38ರಿಂದ ಸೋಲಿಸಿತು. ಆ ಆವೃತ್ತಿಯಲ್ಲಿ 369 ದಾಳಿ ಅಂಕ ಗಳಿಸಿದ ಪರ್‌ದೀಪ್ ನರ್ವಾಲ್ ಅಂದು ಗುಜರಾತ್ ರಕ್ಷಣಾ ಪಡೆಯನ್ನು ಛಿದ್ರಗೊಳಿಸಿದರು. ಒಬ್ಬನೇ ದಾಳಿಗಾರನಿಂದ ಅಂತಿಮ ಪಂದ್ಯವನ್ನು ಕಳೆದುಕೊಂಡ ಅನುಭವ ಗುಜರಾತ್‌ಗೆ ಇತ್ತು. ಈ ಬಾರಿ ಎದುರಿಗಿದ್ದ ತಂಡದಲ್ಲಿಯೂ ಅಂಥ ಒಬ್ಬ ದಾಳಿಗಾರನಿದ್ದ ಎಂಬುದೇ ಈ ಪಂದ್ಯದ ತಿರುಳಾಗಿತ್ತು.

ಪವನ್ ಸೆಹ್ರಾವತ್

ಬೆಂಗಳೂರಿನ ಪವನ್ ಕುಮಾರ್ ಸೆಹ್ರಾವತ್ ಈ ಆವೃತ್ತಿಯಲ್ಲಿ ಅಂತಿಮ ಪಂದ್ಯಕ್ಕೆ ಮೊದಲೇ 240ಕ್ಕೂ ಹೆಚ್ಚು ದಾಳಿ ಅಂಕಗಳನ್ನು ಗಳಿಸಿದ್ದರು. ತಮಿಳ್ ತಲೈವಾಸ್ ವಿರುದ್ಧದ ಮೊದಲ ಪಂದ್ಯದಲ್ಲೇ 20 ಅಂಕ ಗಳಿಸಿ ಅವರು ಆಟ ಆರಂಭಿಸಿದ್ದರು. ಆ ಪಂದ್ಯವನ್ನು ಬೆಂಗಳೂರು 48–37ರಿಂದ ಗೆದ್ದಿತು.

ಅವರ ವಿಷಯದಲ್ಲಿ ಸ್ವಾರಸ್ಯಕರವಾದುದು ಹಿಂದಿನ ವರ್ಷದ ಕಥೆ. ಬೆಂಗಳೂರಿನಲ್ಲಿ ಮೊದಲೇ ಆಡಿದ್ದ ಪವನ್ 2017ರಲ್ಲಿ ಗುಜರಾತ್ ತಂಡದಲ್ಲಿದ್ದರು. ಅಲ್ಲಿ ಅವರಿಗೆ ದೊರೆತ ಅವಕಾಶಗಳು ಬೆರಳೆಣಿಕೆಯಷ್ಟು. ಹೆಚ್ಚು ಕಾಲ ಕಳೆದದ್ದು ಬದಲಿ ಆಟಗಾರರ ಬೆಂಚಿನ ಮೇಲೆ. 2018ರ ಹರಾಜಿನಲ್ಲಿ ಬೆಂಗಳೂರು ಅವರನ್ನು 52.8 ಲಕ್ಷ ರೂಪಾಯಿಗೆ ಮರಳಿ ಪಡೆಯಿತು. ಅದೇ ಹರಾಜಿನಲ್ಲಿ ಹರಿಯಾಣ ಸ್ಟೀಲರ್ಸ್ ತಂಡವು ಮೋನು ಗೋಯತ್ ಅವರಿಗೆ 1.51 ಕೋಟಿ ರೂಪಾಯಿ ನೀಡಿತ್ತು. ಹರಾಜಿನ ಬೆಲೆಗೂ ಅಂಕಣದ ಬೆಲೆಗೂ ತಾಳೆಯಾಗುವುದಿಲ್ಲ ಎಂಬುದಕ್ಕೆ ಆ ವರ್ಷ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿರಲಿಲ್ಲ. ಗುಜರಾತ್ ತಾನು ಬಳಸಿಕೊಳ್ಳದೆ ಬಿಟ್ಟ ಆಟಗಾರನನ್ನೇ ಅಂತಿಮ ಪಂದ್ಯದಲ್ಲಿ ತಡೆಯಬೇಕಾಗಿತ್ತು.

ಆಟದ ನಿಯಮ ಮತ್ತು ಲೆಕ್ಕಾಚಾರ

ಹಳ್ಳಿಯ ಶಾಲಾ ಮೈದಾನದ ಮಣ್ಣಿನ ಮೇಲೆ ಕಬಡ್ಡಿ ಆಡಿ ಬೆಳೆದವರಿಗೆ ಲೀಗಿನ ಕೆಲವು ನಿಯಮಗಳು ಹೊಸವು. ಇಪ್ಪತ್ತು ನಿಮಿಷಗಳ ಎರಡು ಅವಧಿ, ಮ್ಯಾಟ್ ಹಾಸಿದ 13 ಮೀಟರ್ ಉದ್ದ ಹಾಗೂ 10 ಮೀಟರ್ ಅಗಲದ ಅಂಕಣ, ಪ್ರತಿ ದಾಳಿಗೆ 30 ಸೆಕೆಂಡು. ಉಸಿರು ಹಿಡಿಯುವ ಶಕ್ತಿಗಿಂತ ಗಡಿಯಾರದ ಮೇಲಿನ ಹಿಡಿತ ಇಲ್ಲಿ ಮುಖ್ಯ. ಒಂದು ತಂಡ ಸತತ ಎರಡು ದಾಳಿಗಳಲ್ಲಿ ಅಂಕ ಗಳಿಸದಿದ್ದರೆ ಮೂರನೆಯ ದಾಳಿ 'ಮಾಡು ಇಲ್ಲವೇ ಮಡಿ' ದಾಳಿಯಾಗುತ್ತದೆ. ಅದರಲ್ಲಿ ಬರಿಗೈಯಲ್ಲಿ ಮರಳಿದ ದಾಳಿಗಾರ ಔಟಾಗುತ್ತಾನೆ.

ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ರಕ್ಷಕರು ಉಳಿದಿದ್ದಾಗ ದಾಳಿಗಾರನನ್ನು ಹಿಡಿದರೆ ಒಂದರ ಬದಲು ಎರಡು ಅಂಕ ಸಿಗುತ್ತವೆ. ಇದೇ ಸೂಪರ್ ಟ್ಯಾಕಲ್. ಸೋಲುತ್ತಿರುವ ತಂಡಕ್ಕೆ ಮರುಜೀವ ಕೊಡಲೆಂದೇ ರೂಪಿಸಿದಂತಿರುವ ನಿಯಮವಿದು. ಎದುರಾಳಿಯ ಏಳೂ ಮಂದಿಯನ್ನು ಔಟ್ ಮಾಡಿದರೆ ಹೆಚ್ಚುವರಿಯಾಗಿ ಎರಡು ಅಂಕಗಳಿವೆ.

ಈ ಪಂದ್ಯಕ್ಕೆ ಎಲ್ಲಕ್ಕಿಂತ ಮುಖ್ಯವಾದುದು ಮರುಪ್ರವೇಶದ ನಿಯಮ. ಔಟಾದ ಆಟಗಾರ ತಾನಾಗಿ ಮರಳಿ ಬರುವಂತಿಲ್ಲ. ಅವನ ತಂಡವು ದಾಳಿಯಲ್ಲಿ ಎದುರಾಳಿಯೊಬ್ಬನನ್ನು ಮುಟ್ಟಿ ಔಟ್ ಮಾಡಬೇಕು, ಇಲ್ಲವೇ ದಾಳಿಗಾರನನ್ನು ಹಿಡಿಯಬೇಕು. ಆಗ ಔಟಾದ ಕ್ರಮದಲ್ಲಿ ಒಬ್ಬೊಬ್ಬರೇ ಮರಳುತ್ತಾರೆ. ಬೋನಸ್ ಅಂಕದಿಂದ ಯಾರೂ ಮರಳುವುದಿಲ್ಲ. ಆದ್ದರಿಂದ ಶ್ರೇಷ್ಠ ದಾಳಿಗಾರನನ್ನು ಒಮ್ಮೆ ಹಿಡಿದರೆ ಸಿಗುವುದು ಒಂದು ಅಂಕವಷ್ಟೇ ಅಲ್ಲ. ಅವನು ಹೊರಗೆ ಕುಳಿತಿರುವ ಪ್ರತಿ ನಿಮಿಷವೂ ಲಾಭವೇ. ಪವನ್ ಎಷ್ಟು ಅಂಕ ಗಳಿಸುತ್ತಾರೆ ಎಂಬುದಕ್ಕಿಂತ ನಲವತ್ತು ನಿಮಿಷಗಳಲ್ಲಿ ಎಷ್ಟು ಹೊತ್ತು ಅಂಕಣದ ಮೇಲಿರುತ್ತಾರೆ ಎಂಬುದನ್ನು ಲೆಕ್ಕವಿಡುವ ಪ್ರೇಕ್ಷಕನಿಗೆ ಪಂದ್ಯದ ಗತಿ ಬೇಗ ಅರ್ಥವಾಗಬಹುದಿತ್ತು.

ಬಲಾಬಲ

ಗುಜರಾತ್‌ನ ಬಲ ಅದರ ರಕ್ಷಣೆಯಾಗಿತ್ತು. 2017ರಲ್ಲಿ ಇರಾನಿನ ಫಜಲ್ ಅತ್ರಾಚಲಿ ಮತ್ತು ಅಬೋಜರ್ ಮಿಘಾನಿ ಎರಡು ಮೂಲೆಗಳನ್ನು ಕಾಯುತ್ತಿದ್ದರು. ಹರಾಜಿನಲ್ಲಿ ಫಜಲ್ 1 ಕೋಟಿ ರೂಪಾಯಿಗೆ ಯು ಮುಂಬಾಕ್ಕೂ ಅಬೋಜರ್ ತೆಲುಗು ಟೈಟಾನ್ಸ್‌ಗೂ ಹೋದರು. ಮೂಲೆಗಳೆರಡನ್ನೂ ಕಳೆದುಕೊಂಡ ತಂಡ ಕುಸಿಯಬೇಕಿತ್ತು. ಹಾಗಾಗಲಿಲ್ಲ. ಕವರ್ ಸ್ಥಾನದ ಸುನಿಲ್ ಕುಮಾರ್ ಮತ್ತು ಪರ್ವೇಶ್ ಭೈಂಸ್ವಾಲ್ ಜೋಡಿ ಆ ಕೊರತೆಯನ್ನು ತುಂಬಿತು. ನಾಯಕನ ಹೊಣೆಯೂ ಸುನಿಲ್ ಅವರದೇ ಆಗಿತ್ತು. ಇವರಿಬ್ಬರೂ ಒಬ್ಬರನ್ನೊಬ್ಬರು ನೋಡದೆಯೇ ಒಟ್ಟಿಗೆ ನುಗ್ಗುವಷ್ಟು ಹೊಂದಾಣಿಕೆ ಸಾಧಿಸಿದ್ದರು. ದಾಳಿಯಲ್ಲಿ ಸಚಿನ್ ತನ್ವರ್, ಕೆ. ಪ್ರಪಂಜನ್, ರೋಹಿತ್ ಗೂಲಿಯಾ ಭಾರವನ್ನು ಹಂಚಿಕೊಳ್ಳುತ್ತಿದ್ದರು. ಒಬ್ಬನನ್ನು ಹಿಡಿದರೆ ಈ ತಂಡ ನಿಲ್ಲುತ್ತಿರಲಿಲ್ಲ.

ಬೆಂಗಳೂರಿನ ಸ್ಥಿತಿ ಬೇರೆಯಾಗಿತ್ತು. ಪವನ್ ಹೊರಗಿದ್ದಾಗ ನಾಯಕ ರೋಹಿತ್ ಕುಮಾರ್ ಮೇಲೆಯೇ ಎಲ್ಲ ಹೊರೆ ಬೀಳುತ್ತಿತ್ತು. 2017ರಲ್ಲಿ ಒಂದೇ ಪಂದ್ಯದಲ್ಲಿ 30 ಅಂಕಗಳ ಗಡಿ ಮುಟ್ಟಿದ್ದ ರೋಹಿತ್ ಈ ಆವೃತ್ತಿಯಲ್ಲಿ ಎರಡನೆಯ ದಾಳಿಗಾರನ ಪಾತ್ರವನ್ನು ಒಪ್ಪಿಕೊಂಡು ಆಡಿದ್ದರು. ಮಹೇಂದರ್ ಸಿಂಗ್ ಮತ್ತು ಅಮಿತ್ ಶೆರಾನ್ ಅವರಿದ್ದ ರಕ್ಷಣೆ ಒಳ್ಳೆಯದೇ ಆಗಿದ್ದರೂ ಗುಜರಾತ್‌ನಷ್ಟು ನಂಬಿಕೆಯದಾಗಿರಲಿಲ್ಲ. ಮೊದಲ ಕ್ವಾಲಿಫೈಯರ್‌ನ ಹನ್ನೆರಡು ಅಂಕಗಳ ಗೆಲುವನ್ನು ಕಂಡು ಬೆಂಗಳೂರನ್ನೇ ಮೆಚ್ಚಿನ ತಂಡವೆನ್ನುವವರು ಹೆಚ್ಚಾಗಿದ್ದರು. ಆದರೆ ಐದು ದಿನಗಳ ಅಂತರದಲ್ಲಿ ಒಂದೇ ದಾಳಿಗಾರನನ್ನು ಎರಡನೆಯ ಬಾರಿ ಎದುರಿಸುವ ರಕ್ಷಣಾ ಪಡೆ ಅವನ ಕಾಲ್ಚಳಕವನ್ನು ಅಷ್ಟಿಷ್ಟಾದರೂ ಕಲಿತಿರುತ್ತದೆ. ಮೇಲಾಗಿ ಗುಜರಾತ್ ಅದಾಗಲೇ ವರ್ಲಿಯ ಅಂಕಣದಲ್ಲಿ ಒಂದು ಪಂದ್ಯ ಆಡಿತ್ತು. ಬೆಂಗಳೂರಿಗೆ ಹೆಚ್ಚು ವಿಶ್ರಾಂತಿ ಸಿಕ್ಕಿತ್ತು. ಇವೆರಡರಲ್ಲಿ ಯಾವುದು ಹೆಚ್ಚು ಉಪಯುಕ್ತವೆಂಬುದು ಮೊದಲ ಹತ್ತು ನಿಮಿಷಗಳಲ್ಲಿ ಗೊತ್ತಾಗಬೇಕಿತ್ತು. ಅಷ್ಟರೊಳಗೆ ಸುನಿಲ್ ಮತ್ತು ಪರ್ವೇಶ್ ದುಡುಕಿ ಮುನ್ನುಗ್ಗಿದರೆ ಪವನ್‌ಗೆ ಅದೇ ಬೇಕಿತ್ತು. ಕಾದು ಕುಳಿತು ಅವರನ್ನು 'ಮಾಡು ಇಲ್ಲವೇ ಮಡಿ' ದಾಳಿಗೆ ತಳ್ಳಿದರೆ ಗುಜರಾತ್‌ಗೆ ಅನುಕೂಲವಾಗುತ್ತಿತ್ತು.

ಅಂಕಣದ ಹೊರಗೂ ಹಳೆಯ ನಂಟಿತ್ತು. 2016ರ ಮಾರ್ಚ್‌ನಲ್ಲಿ ಪಾಟ್ನಾ ಪೈರೇಟ್ಸ್ ಮೊದಲ ಬಾರಿ ಪ್ರಶಸ್ತಿ ಗೆದ್ದಾಗ ಅದರ ನಾಯಕರಾಗಿದ್ದವರು ಮನ್‌ಪ್ರೀತ್ ಸಿಂಗ್. ಆ ತಂಡದ ಮುಖ್ಯ ದಾಳಿಗಾರರಲ್ಲಿ ಒಬ್ಬರು ರೋಹಿತ್ ಕುಮಾರ್. 2019ರ ಅಂತಿಮ ಪಂದ್ಯದ ವೇಳೆಗೆ ಮನ್‌ಪ್ರೀತ್ ಗುಜರಾತ್‌ನ ತರಬೇತುದಾರರಾಗಿದ್ದರು, ರೋಹಿತ್ ಎದುರಾಳಿ ನಾಯಕರಾಗಿದ್ದರು. ಬೆಂಗಳೂರಿನ ತರಬೇತಿ ಬಳಗದಲ್ಲಿ ರಣಧೀರ್ ಸಿಂಗ್ ಸೆಹ್ರಾವತ್ ಅವರೊಂದಿಗೆ ಕರ್ನಾಟಕದವರೇ ಆದ, 2001ರ ಅರ್ಜುನ ಪ್ರಶಸ್ತಿ ಪುರಸ್ಕೃತ ಬಿ.ಸಿ. ರಮೇಶ್ ಇದ್ದರು.

ತವರಿಲ್ಲದ ತಂಡ

ಬೆಂಗಳೂರು ಬುಲ್ಸ್ ಹೆಸರಿನಲ್ಲಿ ಬೆಂಗಳೂರಿದ್ದರೂ ತಂಡವು 2017 ಮತ್ತು 2018ರಲ್ಲಿ ಬೆಂಗಳೂರಿನಲ್ಲಿ ತವರಿನ ಪಂದ್ಯಗಳನ್ನು ಆಡಲಿಲ್ಲ. 2017ರಲ್ಲಿ ಅವು ನಾಗಪುರದಲ್ಲಿ ನಡೆದವು, 2018ರಲ್ಲಿ ಪುಣೆಯ ಬಾಲೇವಾಡಿಯಲ್ಲಿ. ಗುಜರಾತ್ ತನ್ನ ಅಹಮದಾಬಾದಿನ ಪ್ರೇಕ್ಷಕರ ಮುಂದೆ ಆಡುತ್ತಿದ್ದಾಗ ಬೆಂಗಳೂರು ಪರರಾಜ್ಯದಲ್ಲಿ ತವರನ್ನು ಹುಡುಕಬೇಕಾಯಿತು. ಇದರ ಬಗ್ಗೆ ರಾಜ್ಯದಲ್ಲಿ ನಡೆಯಬೇಕಾದಷ್ಟು ಚರ್ಚೆ ನಡೆದಿರಲಿಲ್ಲ. ಅಗ್ರಸ್ಥಾನ ಪಡೆದ ತಂಡವೊಂದರ ಆಟವನ್ನು ಅದರ ರಾಜ್ಯದ ಮಕ್ಕಳು ಎದುರಿಗೆ ಕುಳಿತು ನೋಡಲಾಗದುದು ಸಣ್ಣ ನಷ್ಟವಲ್ಲ.

ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಕಡೆಯವರಿಗೆ ಮಾತ್ರ ಈ ವ್ಯವಸ್ಥೆ ವಿಚಿತ್ರ ರೀತಿಯಲ್ಲಿ ಅನುಕೂಲಕರವಾಗಿತ್ತೆನ್ನಬಹುದು. ಪುಣೆಯಿಂದ ಸೊಲ್ಲಾಪುರ, ಹುಮನಾಬಾದ್ ಮೂಲಕ ಹೈದರಾಬಾದಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 65 ಈ ಭಾಗದಲ್ಲೇ ಹಾದುಹೋಗುತ್ತದೆ. ರಾಜಧಾನಿ ಬೆಂಗಳೂರಿಗಿಂತ ಪುಣೆ ಇಲ್ಲಿಗೆ ಹತ್ತಿರ. ಮಹಾರಾಷ್ಟ್ರದಲ್ಲಿ ಹುತುತು ಎಂದೂ ಕರೆಸಿಕೊಳ್ಳುವ ಈ ಆಟಕ್ಕೆ ರಾಜ್ಯಗಳ ಗಡಿ ಎಂದೂ ಅಡ್ಡ ಬಂದಿಲ್ಲ.

ತಂಡದ ಮುಖ್ಯ ದಾಳಿಗಾರರು ಉತ್ತರ ಭಾರತದವರು, ಕನ್ನಡಿಗ ಆಟಗಾರರು ಬೇರೆ ಬೇರೆ ತಂಡಗಳಲ್ಲಿ ಹಂಚಿಹೋಗಿದ್ದಾರೆ ಎಂಬ ಆಕ್ಷೇಪವೂ ಆಗ ಇತ್ತು. ಹರಾಜಿನ ಪದ್ಧತಿಯಲ್ಲಿ ಅದು ಸಹಜ. ಆಗ ಗುಜರಾತ್‌ನಲ್ಲಿದ್ದ ಪ್ರಪಂಜನ್ ತಮಿಳುನಾಡಿನವರು, 2017ರ ಗುಜರಾತ್ ತಂಡದಲ್ಲಿ ಕರ್ನಾಟಕದ ಸುಕೇಶ್ ಹೆಗ್ಡೆ ಇದ್ದರು. ಆದರೆ ತವರಿನ ಮೈದಾನ ಹರಾಜಿಗೆ ಒಳಪಡುವ ವಸ್ತುವಲ್ಲ. ಮುಂದಿನ ಆವೃತ್ತಿಯ ಹೊತ್ತಿಗೆ ತಂಡ ಕಂಠೀರವ ಒಳಾಂಗಣ ಕ್ರೀಡಾಂಗಣಕ್ಕೆ ಮರಳುವುದೇ ಎಂಬ ಪ್ರಶ್ನೆ ಶನಿವಾರದ ಫಲಿತಾಂಶ ಏನೇ ಆದರೂ ಆಗ ಉಳಿದಿತ್ತು.

ಪ್ರಸಾರ

ಪಂದ್ಯವು ರಾತ್ರಿ 8 ಗಂಟೆಗೆ ಆರಂಭವಾಗಿ, ಸ್ಟಾರ್ ಸ್ಪೋರ್ಟ್ಸ್ ವಾಹಿನಿಗಳಲ್ಲಿಯೂ ಹಾಟ್‌ಸ್ಟಾರ್‌ನಲ್ಲಿಯೂ ನೇರವಾಗಿ ಪ್ರಸಾರವಾಯಿತು.