ಕುಮಾರ ಗಂಧರ್ವ: ಶತಮಾನೋತ್ಸವದ ಗದ್ದಲ ಅಡಗಿದ ಮೇಲೆ

ಕುಮಾರ ಗಂಧರ್ವರ ಜನ್ಮಶತಮಾನೋತ್ಸವದ ಹಾರ-ತುರಾಯಿಗಳೆಲ್ಲ ಮುಗಿದಿವೆ. ಈಗ ಲೆಕ್ಕ ಹಾಕಿದರೆ, ನಾವು ಕೊಂಡಾಡಿದ್ದು ಕಬೀರನನ್ನು ಹಾಡಿದ ಗಾಯಕನನ್ನು. ವಾಗ್ಗೇಯಕಾರನ ತಂಟೆಗೆ ಹೋದವರು ಕಡಿಮೆ.

ಹೈದರಾಬಾದಿಗೆ ಅವರೊಡನೆ ಒಂದು ಸುತ್ತುಬಳಸಿನ ನಂಟಿದೆ. ನಿಜಾಮರ ಆಸ್ಥಾನವನ್ನು ನೆಚ್ಚಿ ಬಂದ ಪಂಡಿತ ಮೋತಿರಾಮರು 1934ರಲ್ಲಿ ಇಲ್ಲೇ ತೀರಿಕೊಂಡರು. ಅವರ ಮಗ ಜಸರಾಜ್ ಲಾಹೋರಿನಲ್ಲಿ ಕುಮಾರರಿಗೆ ತಬಲಾ ಸಾಥ್ ಕೊಟ್ಟರು. ಅಲ್ಲಿ ಕುಮಾರರು ಹಾಡಿದ ಭೀಮಪಲಾಸಿ ರಾಗವನ್ನು ಹಿರಿಯರೊಬ್ಬರು ಆಡಿಕೊಂಡಾಗ ಹುಡುಗ ಜಸರಾಜ್ ಕುಮಾರರ ಪರ ವಹಿಸಿದ. ಸತ್ತ ಚರ್ಮ ಬಡಿಯುವವನಿಗೆ ರಾಗದ ಗೊಡವೆ ಏಕೆಂದು ಬೈಸಿಕೊಂಡ. ಆ ಹಟದಲ್ಲೇ ಗಾಯಕನಾದೆನೆಂದು ಜಸರಾಜರೇ ಹೇಳುತ್ತಿದ್ದರು. ಕುಮಾರರ ಹೊಸತನ ಎಬ್ಬಿಸಿದ ಜಗಳದಿಂದ ಹೈದರಾಬಾದಿಗೆ ಸಿಕ್ಕ ಲಾಭವಿದು.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ (ಕುಮಾರರ ಮೊದಲ ಹೆಸರು), ದೊಡ್ಡ ಉಸ್ತಾದರ ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಹಾಗೆಹಾಗೆಯೇ ಹಾಡುತ್ತಿದ್ದ ಬಾಲಪ್ರತಿಭೆ. ಮುಂಬಯಿಯಲ್ಲಿ ಬಿ.ಆರ್. ದೇವಧರರ ಬಳಿ ಕಲಿತರು. ಕ್ಷಯ ಹಿಡಿಯಿತು, 1948ರಲ್ಲಿ ಮಾಳವದ ದೇವಾಸಕ್ಕೆ ಹೋದರು. ವರ್ಷಗಟ್ಟಲೆ ಹಾಡುವಂತಿರಲಿಲ್ಲ, ಕೇಳಬಹುದಿತ್ತು. ಮಾಳವದ ಹೆಂಗಸರ ಹಾಡುಗಳು ಕಿವಿಗೆ ಬಿದ್ದದ್ದು ಆಗ. ನಾಲ್ಕಾರು ಸ್ವರಗಳಲ್ಲೇ ಸುತ್ತುವ ಆ ಧಾಟಿಯೊಳಗೆ ಯಾವ ಸ್ವರ ನಿಲ್ಲುತ್ತದೆ, ಯಾವುದು ಜಾರುತ್ತದೆ ಎಂದು ಹುಡುಕಿ, ರಾಗಕ್ಕೆ ಬೇಕಾದ ಚಲನೆಯನ್ನು ಬಿಡಿಸಿ ತೆಗೆದರು. ಲಗನ್ ಗಂಧಾರ, ಸಂಜಾರಿ, ಮಾಲವತಿ ಹೀಗೆ ಬಂದವು. ‘ಧುನ್ ಉಗಮ್ ರಾಗ’ಗಳೆಂದು (ಧಾಟಿಯಿಂದ ಹುಟ್ಟಿದ ರಾಗಗಳು) ಅವಕ್ಕೆ ಅವರೇ ಹೆಸರಿಟ್ಟರು. 1965ರ ‘ಅನೂಪರಾಗವಿಲಾಸ’ ಪುಸ್ತಕ ಅವರ ಬಂದಿಶುಗಳನ್ನು ಸ್ವರಲಿಪಿಯೊಡನೆ ಮುಂದಿಟ್ಟಿತು.

ಅವರ ತುಂಡುತುಂಡು ಸ್ವರವಾಕ್ಯಗಳಿಗೆ ಬತ್ತಿದ ಶ್ವಾಸಕೋಶವೇ ಕಾರಣವೆಂಬ ಮಾತು ಹಳೆಯದು. ನಮಗೆ ಅದು ಅರ್ಧಸತ್ಯ. ಉಸಿರಿನ ಮಿತಿ ಆಲಾಪದ ಉದ್ದವನ್ನು ಕಡಿಮೆ ಮಾಡೀತು, ಹೊಸ ರಾಗ ಕಟ್ಟಿಕೊಡಲಾರದು. ಪಶ್ಚಿಮದಲ್ಲಿ ಸಂಗೀತ ಸಂಯೋಜಕ ಬಾರ್ಟೋಕ್ ಹಂಗೇರಿಯ ಹಳ್ಳಿಹಾಡು ಕೂಡಿಹಾಕಿದಾಗ ಯಾರೂ ಅವನ ಆರೋಗ್ಯ ವಿಚಾರಿಸಲಿಲ್ಲ! ಆಕ್ಷೇಪಿಸುವುದಿದ್ದರೆ ಬೇರೆ ಇದೆ: ಧಾಟಿ ಕೊಟ್ಟ ಹೆಂಗಸರ ಹೆಸರು ಎಷ್ಟು ಜನಕ್ಕೆ ಗೊತ್ತು?

1992ರ ಜನವರಿ 12ರಂದು ಅವರು ದೇವಾಸದಲ್ಲಿ ತೀರಿಕೊಂಡರು. ಮಗಳು ಕಲಾಪಿನಿ, ಮೊಮ್ಮಗ ಭುವನೇಶ್ ಆ ಬಂದಿಶುಗಳನ್ನು ಹಾಡುತ್ತಿದ್ದಾರೆ; ಮನೆತನದಾಚೆ ಅವು ಬೇರೂರಿದ್ದು ಸಾಲದು. ಘರಾನೆಗಳನ್ನು ಪ್ರಶ್ನಿಸಿದವರ ಕೃತಿಗಳು ಮನೆಯೊಳಗೇ ಉಳಿಯುವುದು ವಿಪರ್ಯಾಸ. ಹೈದರಾಬಾದಿನ ಸಂಘಟಕರು ಮುಂದಿನ ಕಛೇರಿಗೆ ಯುವ ಗಾಯಕರನ್ನು ಕರೆಯುವಾಗ, ಕಬೀರನ ನಿರ್ಗುಣ ಭಜನೆಯ ಜೊತೆಗೆ ಒಂದು ಸಂಜಾರಿಯನ್ನೂ ಕೇಳಲಿ.