ಅಲೆಯುವುದೂ ಅಲೆಸುವುದೂ

ಹೆಜ್ಜೆಗಳನ್ನೆಣಿಸಿ ಅಂಕ ನೀಡುವ, ಅಂಕಕ್ಕೆ ತಕ್ಕ ಪದಕ ಹಂಚುವ ಮೊಬೈಲ್ ಆ್ಯಪ್‌ಗಳು ಆರೋಗ್ಯದ ಹೆಸರಿನಲ್ಲಿ ಶ್ರಾವಕರ ಮನೆಗಳನ್ನೂ ಹೊಕ್ಕಿವೆ. ರಾಯಚೂರು, ಮಾನ್ವಿ, ದೇವದುರ್ಗಗಳಿಗಾಗಿ ಇಂಥದೊಂದನ್ನು ರಚಿಸಿ, ಜಿನಮಂದಿರಗಳನ್ನೇ ಅಂಕ ದೊರೆಯುವ ತಾಣಗಳನ್ನಾಗಿಸಿದರೆ ತರುಣರು ಹೊರಗೂ ಬಂದಾರು, ದರ್ಶನವನ್ನೂ ಮಾಡಿಯಾರು ಎಂಬ ಆಸೆ ಯಾರಲ್ಲಾದರೂ ಹುಟ್ಟುವುದು ಸಹಜ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೇ ದಿನ ಕಳೆಯುವ ವ್ಯಾಪಾರಿಗೆ ನಡಿಗೆ ಅವಶ್ಯವೆಂಬುದರಲ್ಲಿ ವಿವಾದವಿಲ್ಲ. ವಿವಾದವಿರುವುದು ನಡೆಸುವ ಬಗೆಯಲ್ಲಿ.

2016ರ ಜುಲೈನಲ್ಲಿ ಪೋಕೆಮಾನ್ ಗೋ ಎಂಬ ಆಟ ಬಂದಿತು. ಇಂತಿಷ್ಟು ಕಿಲೋಮೀಟರ್ ನಡೆದರೆ ಅದರಲ್ಲಿ ಮೊಟ್ಟೆಯೊಡೆದು ಪ್ರಾಣಿ ಹೊರಬರುತ್ತದೆ. ಹಿಂದೂ ಹಾಗೂ ಜೈನ ಪೂಜಾಸ್ಥಳಗಳಲ್ಲಿ ಮೊಟ್ಟೆ ತೋರಿಸುತ್ತಾರೆಂಬ ದೂರು ಅದೇ ವರ್ಷ ಗುಜರಾತ್ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿ, ಆಟದ ಕಂಪನಿಗೂ ಸರಕಾರಗಳಿಗೂ ನೋಟೀಸು ಹೋಯಿತು. ಆದರೆ ಮೊಟ್ಟೆಯ ಬದಲು ಮಾವಿನಹಣ್ಣನ್ನು ತೋರಿಸಿದ್ದರೆ ಆಟ ನಿರ್ದೋಷವಾಗುತ್ತಿತ್ತೇ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಭೇದವಾದ ಪ್ರಮಾದಚರ್ಯೆಯನ್ನು ವಿವರಿಸುವಾಗ, ನಿಷ್ಪ್ರಯೋಜನವಾಗಿ ಅಲೆಯುವುದರ ಜೊತೆಗೆ ಪರರನ್ನು ಅಲೆಸುವುದನ್ನೂ ಎಣಿಸಿದ್ದಾರೆ. ಆ್ಯಪ್ ರಚಿಸುವವನು ಕೂತಲ್ಲೇ ಸಾವಿರಾರು ಜನರನ್ನು ಅಲೆಸಬಲ್ಲ!

ಆರೋಗ್ಯಕ್ಕಾಗಿ ನಡೆಯುವುದು ನಿಷ್ಪ್ರಯೋಜನವಲ್ಲವೆಂಬ ಆಕ್ಷೇಪ ಬರುತ್ತದೆ. ನಿಜ, ಆದರೆ ಅಂಕದ ಆಸೆಯಿಂದ ಆರೋಗ್ಯ ಎಷ್ಟು ದಿನ ಲಭಿಸಿತು? ಪೋಕೆಮಾನ್ ಆಡಿದ ಅಮೆರಿಕದ ತರುಣರು ಮೊದಲ ವಾರ ದಿನಕ್ಕೆ ಸರಾಸರಿ 955 ಹೆಜ್ಜೆ ಹೆಚ್ಚು ನಡೆದರು; ಆರನೆಯ ವಾರಕ್ಕೆ ಮೊದಲಿನಷ್ಟಕ್ಕೇ ಇಳಿದರು. ಬ್ರಿಟಿಷ್ ಮೆಡಿಕಲ್ ಜರ್ನಲ್ 2016ರ ಡಿಸೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನವಿದು. ಎಲ್ಲರೂ ಜಪಿಸುವ ಹತ್ತು ಸಾವಿರ ಹೆಜ್ಜೆಯ ಗುರಿಯಾದರೂ ವೈದ್ಯಶಾಸ್ತ್ರದಿಂದ ಹುಟ್ಟಿದುದಲ್ಲ; 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಯೆಣಿಕೆಯ ಯಂತ್ರವೊಂದರ ಹೆಸರಿನಿಂದ ಬಂದುದು.

ಮುನಿಗಳ ಈರ್ಯಾಸಮಿತಿಯಲ್ಲಿ ಹಗಲು ಬೆಳಕಿದ್ದು, ಮುಂದಿನ ನಾಲ್ಕು ಮೊಳ ನೆಲದ ಮೇಲೆ ದೃಷ್ಟಿಯಿರಬೇಕು. ಆ್ಯಪ್ ದೃಷ್ಟಿಯನ್ನು ಪರದೆಗೆ ಕಟ್ಟಿಹಾಕುತ್ತದೆ. ನಡುರಾತ್ರಿಗೆ ದಿನದ ಲೆಕ್ಕ ಮುಗಿಸುವುದರಿಂದ, ಉಳಿದ ಹೆಜ್ಜೆ ತುಂಬಿಸಲು ಮಳೆಗಾಲದ ಕತ್ತಲಲ್ಲೂ ಹುಳುಹುಪ್ಪಟೆ ತುಳಿಯುತ್ತ ಹೊರಡಿಸುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ಮೀರುವ ರಾಯಚೂರಿನ ಬಿಸಿಲೂ ಅದರ ಲೆಕ್ಕಕ್ಕೆ ಬಾರದು. ದೇವದುರ್ಗದ ಹತ್ತಿಹೊಲಗಳಲ್ಲಿ, ಮಾನ್ವಿಯ ಭತ್ತದ ಗದ್ದೆಗಳಲ್ಲಿ ಇದೇ ಬಿಸಿಲಿಗೆ ದುಡಿಯುವ ಹೆಣ್ಣುಮಕ್ಕಳ ಹೆಜ್ಜೆಗೆ ಪದಕ ಕೊಡುವವರಿಲ್ಲ. ಇರಲಿ.

ಶ್ರಾವಕನಿಗೆ ದಿಗ್ವ್ರತ, ದೇಶವ್ರತಗಳಿವೆ. ಎರಡೂ ಸಂಚಾರಕ್ಕೆ ಮಿತಿ ಹಾಕುವ ವ್ರತಗಳು. ಮಿತಿಯಿಲ್ಲದ ಆ್ಯಪ್‌ಗೆ ಮಂದಿರದ ಹೆಸರು ಸಲ್ಲದು. ರಚಿಸಲೇಬೇಕೆಂದರೆ ಅದರ ದಿನ ಸೂರ್ಯಾಸ್ತಕ್ಕೆ ಮುಗಿಯಲಿ, ಗುರಿ ಮುಟ್ಟಿದೊಡನೆ ಎಣಿಕೆ ನಿಲ್ಲಲಿ, ನೆರೆಯವನ ಹೆಜ್ಜೆಯೊಡನೆ ಹೋಲಿಸುವ ಪಟ್ಟಿ ಇಲ್ಲದಿರಲಿ. ಟ್ರಸ್ಟುಗಳು ಇವನ್ನು ಬರಹದಲ್ಲಿ ಪಡೆಯದೆ ಒಪ್ಪಿಗೆ ಕೊಡಬಾರದು. ಹಣವೇ ಇದ್ದರೆ, ಮಂದಿರದಿಂದ ಮಾವಿನಕೆರೆಯವರೆಗಿನ ದಾರಿಗೆ ಬೇವಿನ ಸಸಿ ನೆಡಿಸಲಿ.